ಜಪಾನಿ ಗಂಟೆ, ಒದೆಯುವ ಹಸು

ನಮ್ಮ ಮನೆಯಲ್ಲಿ ಗುಟ್ಟು ಮಾತಾಡಲು ಒಂದು ಭಾಷೆಯೂ ಇರಲಿಲ್ಲ. ಕನ್ನಡ ಎಲ್ಲರಿಗೂ ಬರುತ್ತದೆ, ತೆಲುಗು ಎಲ್ಲರಿಗೂ ಬರುತ್ತದೆ. ರೇಷ್ಮೆಗೂಡು ಮಾರಲು ಹೋಗಿ ಹೋಗಿ ಮಗ ಉರ್ದುವನ್ನೂ ಕಲಿತಿದ್ದಾನೆ. ಎರಡು ಕೋಣೆಯ ಮನೆ. ಪಿಸುಗುಟ್ಟಿದರೆ ಸೊಸೆ ಒಲೆ ಬಿಟ್ಟು ಬಂದು ನಿಲ್ಲುತ್ತಾಳೆ.

ಹೀಗಿರುವಾಗ ಮೊಮ್ಮಗಳು ಜಪಾನಿ ಕಲಿಯತೊಡಗಿದಳು. ಮಾಲೂರಿನ ಕಡೆ ಜಪಾನಿನವರ ಕಾರ್ಖಾನೆಯಲ್ಲಿ ಕೆಲಸ ಹಿಡಿಯಲು ಅದು ಬೇಕಂತೆ. ಕೋಲಾರದಲ್ಲಿ ಪಾಠ, ಮನೆಯಲ್ಲಿ ಬಾಯಿಪಾಠ. ಪ್ರಶ್ನೆ ಕೇಳಲು ಒಬ್ಬರು ಬೇಕೆಂದು ನನ್ನನ್ನು ಹಿಡಿದಳು. ನನ್ನ ಓದು ಹೆಸರು ಬರೆಯುವಷ್ಟು. ಗಡಿಯಾರ ಮಾತ್ರ ಗೊತ್ತು. ಡೈರಿಗೆ ಹಾಲು ಹಾಕುವವರಿಗೆ ಗೊತ್ತಿರಲೇಬೇಕು.

"ಅಜ್ಜಿ, ನಾನ್‌ಜಿ ದೆಸ್ ಕಾ ಅಂತ ಕೇಳು. ಗಂಟೆ ಎಷ್ಟು ಅಂತ."

"ಗೋಡೆ ಮೇಲೆ ಗಡಿಯಾರ ಐತೆ, ನಿನ್ನನ್ಯಾಕೆ ಕೇಳ್ಬೇಕು?"

"ಕೇಳಜ್ಜಿ."

ಕೇಳಿದೆ. ಮೂರಕ್ಕೆ ಸಾನ್‌ಜಿ, ನಾಲ್ಕಕ್ಕೆ ಯೋಜಿ, ಐದಕ್ಕೆ ಗೋಜಿ. ಅರ್ಧ ಗಂಟೆ ಸೇರಿದರೆ ಕೊನೆಗೊಂದು ಹಾನ್. ತಪ್ಪು ಹೇಳಿದರೆ ಅವಳ ತಟ್ಟೆಯ ಹಪ್ಪಳ ನನ್ನದು ಎಂದು ಪಂದ್ಯ ಕಟ್ಟಿದೆವು. ಕೆಲವು ದಿನ ಚೆನ್ನಾಗಿ ತಿಂದೆ. ಆಮೇಲೆ ಅವಳಿಗೂ ಬಂತು, ನನಗೂ ಬಂತು, ಹಪ್ಪಳ ನಿಂತಿತು.

ಅದೇ ಹೊತ್ತಿಗೆ ಮಗ ನನ್ನ ಹಸು ಮಾರಲು ಹೊರಟ. ಅದು ಒದ್ದು ನನ್ನನ್ನು ಕೊಟ್ಟಿಗೆಯಲ್ಲಿ ಕೆಡವಿತ್ತು. ಹಸುವಿನ ಮೇಲೆ ನನಗೆ ಮಮತೆ ಎಂದು ತಿಳಿಯಬೇಡಿ. ಕೆಟ್ಟ ಪ್ರಾಣಿ ಅದು. ಆದರೆ ಹಸು ಇಲ್ಲದಿದ್ದರೆ ಹಾಲಿಲ್ಲ, ಹಾಲಿಲ್ಲದೆ ಡೈರಿಗೆ ಹೋಗಲು ನೆಪವಿಲ್ಲ. ಯಾರ ಬೋರು ಬತ್ತಿತು, ಯಾರ ಮಗಳು ಮುನಿಸಿಕೊಂಡು ತವರಿಗೆ ಬಂದಳು, ಎಲ್ಲ ನನಗೆ ತಿಳಿಯುವುದು ಆ ಸಾಲಿನಲ್ಲಿ. ಅದು ತಪ್ಪಿದರೆ ಟೀವಿ ನೋಡಿಕೊಂಡು ಕೂರಬೇಕು.

ಮಗ ದನದ ದಲ್ಲಾಳಿಗೆ ನನ್ನೆದುರು ಫೋನು ಮಾಡುತ್ತಿರಲಿಲ್ಲ, ಹಿಪ್ಪುನೇರಳೆ ತೋಟಕ್ಕೆ ಹೋಗಿ ಮಾತಾಡುತ್ತಿದ್ದ. ಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದ ಮೊಮ್ಮಗಳಿಗೆ ಎಲ್ಲ ಕೇಳಿಸುತ್ತಿತ್ತು.

"ಆ ದಲ್ಲಾಳಿ ಬರೋ ಗಂಟೆ ಕಿವಿಗೆ ಬಿದ್ರೆ ಜಪಾನೀಲಿ ಹೇಳು ಕಣೇ" ಎಂದು ಅವಳಿಗೆ ಹೇಳಿಟ್ಟೆ.

ಒಂದು ಮಧ್ಯಾಹ್ನ ಎಲ್ಲರೂ ಮುದ್ದೆ ಮುಂದೆ ಕುಳಿತಿದ್ದೆವು. ಅವಳು ಪಾಠ ಒಪ್ಪಿಸುವವಳಂತೆ "ಯೋಜಿ, ಯೋಜಿ" ಎಂದಳು.

"ಊಟದ ಹೊತ್ತಲ್ಲೂ ಅದೇನೇ?" ಎಂದ ಮಗ.

"ಓದ್ಲಿ ಬಿಡೋ, ಕೆಲ್ಸ ಸಿಗ್ಬೇಕಲ್ಲ" ಎಂದೆ.

ಮೂರೂವರೆಗೆಲ್ಲ ಹಸು ಹೊಡೆದುಕೊಂಡು ಕೆರೆಯಂಗಳ ಸೇರಿದೆ. ತಾಯಲೂರಿನಿಂದ ಬಂದ ದಲ್ಲಾಳಿ ಖಾಲಿ ಗೂಟ ನೋಡಿ "ಆವು ಎಕ್ಕಡ?" ಎಂದನಂತೆ. ಹಸು ಎಲ್ಲಿ ಎಂದು ಮಗನಿಗೂ ಗೊತ್ತಿರಲಿಲ್ಲ. ಟೀ ಕುಡಿಸಿ ಕಳಿಸಿದ.

ಇನ್ನೊಂದು ದಿನ "ಗೋಜಿ ಹಾನ್" ಎಂದಳು. ಐದೂವರೆಗೆ ನಾನು ಡೈರಿಯ ಬಾಗಿಲಲ್ಲಿದ್ದೆ, ಹಸುವಿನ ಸಮೇತ. ಸಾಲು ಚದುರಿಹೋಯಿತು.

"ಅಜ್ಜಿ, ಇಲ್ಲಿಗೆ ಹಾಲು ತರ್ಬೇಕು, ಹಸು ಅಲ್ಲ" ಎಂದ ಹಾಲು ಅಳೆಯುವವನು.

"ನೀರು ಹಾಕ್ತೀನಿ ಅಂತಿದ್ಯಲ್ಲ, ಕಣ್ಣಾರೆ ನೋಡು" ಎಂದು ಅಲ್ಲೇ ಹಾಲು ಕರೆದೆ.

ಮಗ ಮತ್ತೆ ಫೋನು ಮಾಡಿದರೆ ದಲ್ಲಾಳಿ, "ಮೊದ್ಲು ನಿಮ್ಮಮ್ಮನ್ನ ಗೂಟಕ್ಕೆ ಕಟ್ಟು, ಆಮೇಲೆ ಕರಿ" ಎಂದನಂತೆ.

ಮಗ ಬಂದು ನನ್ನ ಪಕ್ಕ ಕುಳಿತ.

"ಅವನು ಬರೋ ಟೈಮು ಯಾರಮ್ಮ ನಿಂಗೆ ಹೇಳಿದ್ದು?"

"ವಯಸ್ಸಾದೋರಿಗೆ ತಿಳಿಯುತ್ತೆ."

ಮೊಮ್ಮಗಳು ಪುಸ್ತಕದಲ್ಲಿ ಮುಖ ಹುದುಗಿಸಿದಳು, ಭುಜ ಕುಲುಕುತ್ತಿತ್ತು.

"ಇನ್ಮೇಲೆ ನಿನ್ನ ಕೇಳೇ ಮಾರ್ತೀನಿ. ಕೇಳಿದ್ರೆ ಒಪ್ತೀಯಾ?"

"ಇಲ್ಲ."

"ಮತ್ತೆ ಒದ್ರೆ?"

"ನಾನೂ ಒದೀತೀನಿ."

ಒಳಗಿನಿಂದ ಸೊಸೆ, "ಇರ್ಲಿ ಬಿಡಿ ಆ ಹಸು. ಅತ್ತೆ ದಿನಾ ಮನೇಲೇ ಕೂತ್ರೆ ನನ್ನ ಗತಿ ಏನು?" ಎಂದಳು.

ಆ ಬಾಯಿಂದ ನನಗೆ ಉಪಯೋಗವಾಗುವ ಮಾತು ಬಂದದ್ದು ಅದೇ ಮೊದಲು. ಮಗ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದ.