ಫೇಟಾಕ್ಕೂ ಉಡಿಗೂ ಸಲ್ಲದವಳು

ನಾಯಕತ್ವ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯ ನೆನಪಾಗುತ್ತದೆ. ಎಂಬತ್ತರ ದಶಕದ ಕೊನೆ. ಹಿಂದಿನ ದಿನ ಅಲ್ಲಿ ಯಾರದೋ ಮದುವೆಯಾಗಿತ್ತು, ವೇದಿಕೆಯ ಪರದೆಗೆ ಅಂಟಿಸಿದ್ದ ವಧೂವರರ ಹೆಸರನ್ನು ಇನ್ನೂ ಕಿತ್ತಿರಲಿಲ್ಲ. ಆ ಹೆಸರುಗಳ ಕೆಳಗೆ ನಿಂತು, ಸಾಂಗಲಿ ಕಡೆಯಿಂದ ಬಂದಿದ್ದ ಸಫಾರಿ ಸೂಟಿನ ಮನುಷ್ಯನೊಬ್ಬ ಶಿಕ್ಷಕರಿಗೆ ನಾಯಕರಾಗುವುದನ್ನು ಕಲಿಸಿದ.

ರಾಯಬಾಗ ತಾಲೂಕಿನ ಒಂದು ಹಳ್ಳಿಯ ಖಾಸಗಿ ಹೈಸ್ಕೂಲಿನಿಂದ ಹೋಗಿದ್ದವರು ಇಬ್ಬರು, ನಾನು ಮತ್ತು ನಮ್ಮ ಗಣಿತದ ಮಾಸ್ತರು. ಆ ವರ್ಷ ನಮ್ಮ ಹೆಡ್‌ಮಾಸ್ತರು ನಿವೃತ್ತರಾಗುವವರಿದ್ದರು. ಸೇವೆಯಲ್ಲಿ ನಾನು ಹಿರಿಯಳು, ಹತ್ತನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದವಳು. ಹೆಡ್‌ಮಾಸ್ತರು ನಿದ್ದೆ ಮಾಡುತ್ತಿದ್ದ ವರ್ಷಗಳಲ್ಲೆಲ್ಲ ವೇಳಾಪಟ್ಟಿ, ಪರೀಕ್ಷೆ, ಪಾಲಕರ ಜಗಳ ಎಲ್ಲವನ್ನೂ ನೋಡಿಕೊಂಡವಳು. ಆ ಕುರ್ಚಿ ನನಗೆ ಬೇಕಾಗಿತ್ತು. ಬೇಕಿರಲಿಲ್ಲ ಎಂದು ಈಗ ದೊಡ್ಡಸ್ತಿಕೆ ತೋರಿಸಲಾರೆ. ಆದರೆ ಹಿರಿತನ ನೋಡಿ ಕೊಟ್ಟುಬಿಟ್ಟರೆ ನಮ್ಮ ಆಡಳಿತ ಮಂಡಳಿಗೆ ಕೆಲಸವೇನು ಉಳಿಯಿತು? ಯಾರಲ್ಲಿ ‘ಲೀಡರ್‌ಶಿಪ್’ ಐತಿ ನೋಡೋಣ ಎಂದು ಇಬ್ಬರನ್ನೂ ಆ ಮೂರು ದಿನದ ಶಿಬಿರಕ್ಕೆ ಅಟ್ಟಿದರು.

ಸಫಾರಿಯವನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಸುರಿದ. ನಾಯಕ ಕಾಲು ಅಗಲಿಸಿ ನಿಲ್ಲಬೇಕು. ನಾಯಕ ಕೈ ಕುಲುಕುವಾಗ ತನ್ನ ಕೈ ಮೇಲಿರಬೇಕು. ನಾಯಕ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ‘ನಾನೇ ನಾಯಕ’ ಎಂದು ಗಟ್ಟಿಯಾಗಿ ಹೇಳಿಕೊಳ್ಳಬೇಕು. ನಮ್ಮ ಗಣಿತದ ಮಾಸ್ತರು ಇದನ್ನೆಲ್ಲ ಕಣ್ಣು ಮಿಟುಕಿಸದೆ ಕೇಳಿದರು. ಊಟದ ಸಾಲಿನಲ್ಲೇ ಕಾಲು ಅಗಲಿಸಿ ನಿಂತುಕೊಂಡು ಹಿಂದಿನವರಿಂದ ಬೈಸಿಕೊಂಡರು. ಊರಿಗೆ ಮರಳಿದ ಮೇಲೆ ಕೈ ಹಿಂದೆ ಕಟ್ಟಿಕೊಂಡು ಶಾಲೆಯ ಅಂಗಳದಲ್ಲಿ ಅಡ್ಡಾಡತೊಡಗಿದರು. ಪಾಪದ ಮನುಷ್ಯ. ಕೆಟ್ಟವರಲ್ಲ, ಟೊಳ್ಳು ಅಷ್ಟೆ.

ಆ ಮೂರು ದಿನಗಳಲ್ಲಿ ಉಪಯೋಗಕ್ಕೆ ಬರುವ ಒಂದೇ ಒಂದು ಮಾತು ಆ ಸಫಾರಿಯವನ ಬಾಯಿಂದ ಬಿತ್ತು. ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗಿಬಿಡಿ, ಸುಮ್ಮನಿರುವುದನ್ನು ತಾಳಲಾರದೆ ಯಾರು ಮೊದಲು ಬಾಯಿ ಬಿಡುತ್ತಾರೋ ಅವರು ಸೋತರು ಎಂದ. ಅದನ್ನು ಮಾತ್ರ ನಾನು ಸೆರಗಿಗೆ ಗಂಟು ಹಾಕಿಕೊಂಡು ಬಂದೆ.

ಪ್ರಯೋಗಕ್ಕೆ ಅವಕಾಶ ಬೇಗನೆ ಸಿಕ್ಕಿತು. ಮಂಡಳಿಯ ಸಭೆಗೆ ಚಹಾ ಮಾಡಿ ಕೊಡುವುದು ನಮ್ಮಲ್ಲಿ ಶಿಕ್ಷಕಿಯರ ಪಾಲಿನ ಕೆಲಸ. ಜವಾನ ಬಾಗಿಲಲ್ಲಿ ಕೂತು ತಂಬಾಕು ತಿಕ್ಕುತ್ತಿರುತ್ತಿದ್ದ, ಎಂ.ಎ. ಓದಿದ ನಾನು ಸ್ಟೋವ್ ಹೊತ್ತಿಸುತ್ತಿದ್ದೆ. ಅವತ್ತು ಅಧ್ಯಕ್ಷರು ಎಂದಿನಂತೆ, “ಬಾಯಾರ, ಚಾ ಆಗಲ್ರಿ” ಎಂದರು.

“ನಾನೂ ಸಭಾಕ್ಕ ಬಂದೇನ್ರಿ” ಎಂದು ಹೇಳಿ ಸುಮ್ಮನೆ ಕೂತೆ.

ಒಬ್ಬರು ಕೆಮ್ಮಿದರು, ಇನ್ನೊಬ್ಬರು ಕಿಟಕಿಯಾಚೆ ನೋಡಿದರು. ಕೊನೆಗೆ ಅಧ್ಯಕ್ಷರೇ ತಾಳಲಾರದೆ ಜವಾನನ ಮೇಲೆ ಹರಿಹಾಯ್ದರು, “ಏನ ನೋಡ್ತಿಲೇ, ಏಳು, ಸ್ಟೋ ಹಚ್ಚು!” ಅವನು ಮಾಡಿದ ಚಹಾ ಕುಡಿಯುವಂತಿರಲಿಲ್ಲ. ಆದರೂ ಅಷ್ಟು ರುಚಿಯಾದ ಚಹಾ ನಾನು ಜನ್ಮದಲ್ಲಿ ಕುಡಿದಿಲ್ಲ. ಕುರ್ಚಿ ನನ್ನದೇ ಎಂದು ಅವತ್ತು ನಂಬಿದೆ.

ನಾಲ್ಕಾರು ದಿನ ಬಿಟ್ಟು ಅಧ್ಯಕ್ಷರು ಮನೆಗೆ ಬಂದರು. ನೂರಾರು ಎಕರೆ ಕಬ್ಬಿನ ಒಡೆಯರು, ಪಂಚಾಯಿತಿಯನ್ನು ಬೆರಳ ತುದಿಯಲ್ಲಿ ಕುಣಿಸುವವರು, ಅವತ್ತು ಚಪ್ಪಲಿಯ ಉಂಗುಟವನ್ನೇ ನೋಡುತ್ತ ಕೂತರು.

“ಬಾಯಾರ, ತಪ್ಪ ತಿಳ್ಕೋಬ್ಯಾಡ್ರಿ. ಸಾಲಿ ನಡಸೂದು ನಿಮ್ಮ ಕೈಯಾಗ ಐತಿ, ಅದು ಎಲ್ಲಾರಿಗೂ ಗೊತ್ತೈತಿ. ಆದ್ರ ಸತ್ಕಾರದ್ದ ಒಂದು ಅಡಚಣಿ ಬಂದೈತಿ ನೋಡ್ರಿ.”

ನಮ್ಮ ಗಡಿ ಸೀಮೆಯ ಜನರ ಸತ್ಕಾರದ ಹುಚ್ಚನ್ನು ನೋಡದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಇಲ್ಲಿ ಡೇರಿಗೆ ಹೊಸ ಕಾರ್ಯದರ್ಶಿ ಬಂದರೂ ಸತ್ಕಾರ, ಪಕ್ಕದೂರಿಗೆ ವರ್ಗವಾಗಿ ಹೋದರೂ ಸತ್ಕಾರ. ಗಂಡಸಾದರೆ ಶಾಲು, ಕಾಯಿ, ತಲೆಗೆ ಜರಿಯಂಚಿನ ಕೇಸರಿ ಫೇಟಾ. ಹೆಂಗಸಾದರೆ ಅರಿಸಿನ ಕುಂಕುಮ ಹಚ್ಚಿ, ರವಿಕೆಯ ಖಣ ಕೊಟ್ಟು, ಸೆರಗಿನ ಮಡಿಲಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬುತ್ತಾರೆ. ನನ್ನ ಗಂಡ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ವಿಧವೆಗೆ ಯಾರೂ ಉಡಿ ತುಂಬುವುದಿಲ್ಲ.

“ಫೇಟಾ ಸುತ್ತೂಣು ಅಂದ್ರ ನೀವು ಹೆಣಮಗಳು. ಉಡಿ ತುಂಬೂಣು ಅಂದ್ರ...” ಅಧ್ಯಕ್ಷರು ಮಾತು ನುಂಗಿಕೊಂಡರು. “ಸಂಜೀತನಕಾ ವಿಚಾರ ಮಾಡಿದೆವ್ರಿ. ಹಾದಿನ ಕಾಣಲಿಲ್ಲ.”

“ಸತ್ಕಾರನ ಮಾಡಬ್ಯಾಡ್ರಿ” ಎಂದೆ.

ಅವರು ನಿಜವಾಗಿ ಬೆಚ್ಚಿಬಿದ್ದರು. “ಸತ್ಕಾರ ಇಲ್ಲದ ಹೆಡ್‌ಮಾಸ್ತರಾ? ನಾಳೆ ಬೋರಗಾಂವ, ಕುಡಚಿ ಮಂದಿ ನಮಗ ಏನಂದಾರು?”

ನಾನು ಸುಮ್ಮನಾದೆ. ಈ ಸಲ ಅವರೂ ಸುಮ್ಮನಾದರು, ಎದ್ದು ಹೋದರು. ನಾನು ಅಡುಗೆ ಮನೆಗೆ ಹೋಗಿ, ಹಸಿವಿಲ್ಲದಿದ್ದರೂ, ನಾಲ್ಕು ಜನಕ್ಕಾಗುವಷ್ಟು ಜೋಳದ ರೊಟ್ಟಿ ಬಡಿದೆ. ಕೈ ನೋಯುವವರೆಗೂ ಬಡಿದೆ. ಅರ್ಹತೆಯಿಲ್ಲ ಎಂದಿದ್ದರೆ ಜಗಳ ಕಾಯಬಹುದಿತ್ತು. ಒಂದು ತುಂಡು ಬಟ್ಟೆಯನ್ನು ಎಲ್ಲಿಡಬೇಕೆಂದು ತೋಚದೆ ಶಾಲೆಯನ್ನೇ ಇನ್ನೊಬ್ಬರ ಕೈಗೆ ಕೊಟ್ಟ ದಡ್ಡರೊಂದಿಗೆ ಏನೆಂದು ಜಗಳ ಕಾಯುವುದು?

ಗಣಿತದ ಮಾಸ್ತರರ ಸತ್ಕಾರದ ದಿನ ಪೆಂಡಾಲು, ಧ್ವನಿವರ್ಧಕ, ಅತಿಥಿಗಳು, ಎಲ್ಲ ಬಂದಿತ್ತು. ಫೇಟಾ ಸುತ್ತುವವನು ಮಾತ್ರ ಬರಲಿಲ್ಲ. ನಿಪ್ಪಾಣಿಯಿಂದ ಬರಬೇಕಾದವನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತಂತೆ. ಅಲ್ಲಿದ್ದ ಗಂಡಸರೆಲ್ಲ ಟೊಪ್ಪಿಗೆ ಹಾಕುವವರು, ಒಬ್ಬರಿಗೂ ಸುತ್ತಲು ಬರದು. ಆಗ ಯಾರೋ ನನ್ನ ತಂದೆಯನ್ನು ನೆನೆದರು. ಬೇಡಕಿಹಾಳದ ರೈತ ನನ್ನ ತಂದೆ, ಕೊನೆಗಾಲವನ್ನು ನನ್ನ ಮನೆಯಲ್ಲೇ ಕಳೆದವರು. ಪಾರ್ಶ್ವವಾಯುವಿನಿಂದ ಅವರ ಬಲಗೈ ಬಿದ್ದುಹೋದ ಮೇಲೆ ದಿನಾ ರುಮಾಲು ಸುತ್ತಿಕೊಟ್ಟವಳು ನಾನೆಂಬುದು ಎಲ್ಲರಿಗೂ ಗೊತ್ತಿತ್ತು.

“ಬರ್ರಿ ಬಾಯಾರ, ವ್ಯಾಳೆ ಆಗಾಕತ್ತೈತಿ” ಎಂದರು ಅಧ್ಯಕ್ಷರು.

“ಶುಭ ಕಾರ್ಯ ಐತ್ರಿ. ನನ್ನ ಕೈ ನಡೀತೈತೇನ್ರಿ?”

“ಕೈಗೇನ ಆಗೇತ್ರೀ?” ಎಂದರು ಪುಣ್ಯಾತ್ಮರು, ಒಂದಿಷ್ಟೂ ತಡವರಿಸದೆ. ಆಮೇಲೆ ದನಿ ತಗ್ಗಿಸಿ, “ಅವರ ತಲಿ ಮುಟ್ಟಿ ಸುತ್ತೂದು ಮಂದ್ಯಾಗ ಚಲೋ ಕಾಣಂಗಿಲ್ಲ. ಬ್ಯಾರೇ ಯಾವುದರ ಮ್ಯಾಲಾದ್ರೂ ಸುತ್ತಿ ಕೊಡ್ರಿ” ಎಂದರು.

ನನ್ನ ಕೈ ನಡೆಯುತ್ತಿತ್ತು. ತಲೆ ನಡೆಯುತ್ತಿರಲಿಲ್ಲ, ಉಡಿ ನಡೆಯುತ್ತಿರಲಿಲ್ಲ, ಮುಟ್ಟುವುದಂತೂ ನಡೆಯುತ್ತಲೇ ಇರಲಿಲ್ಲ.

ಕುರ್ಚಿ ತರಿಸಿ ಕೂತೆ. ತಂದೆಗೆ ಸುತ್ತುತ್ತಿದ್ದಂತೆಯೇ ನನ್ನ ಮೊಣಕಾಲಿನ ಮೇಲೆ ಸುತ್ತತೊಡಗಿದೆ. ಒಬ್ಬ ಸದಸ್ಯರು ಬಟ್ಟೆಯ ತುದಿ ಹಿಡಿದರು, ಇನ್ನೊಬ್ಬರು ಮಡಿಕೆ ಬಿಡಿಸಿದರು, ಅಧ್ಯಕ್ಷರು ಬಗ್ಗಿ ನಿಂತು ಜರಿ ಮೇಲೆ ಬಂತೋ ಇಲ್ಲವೋ ನೋಡಿದರು. ಇಡೀ ಆಡಳಿತ ಮಂಡಳಿ ನನ್ನ ಮೊಣಕಾಲಿನ ಸುತ್ತ ಬಾಗಿ ನಿಂತಿತ್ತು. ಮೊಣಕಾಲಿಗಿಂತ ತಲೆ ದೊಡ್ಡದು, ಹಾಗಾಗಿ ಸುತ್ತುವಾಗ ನಾಲ್ಕು ಬೆರಳು ಸಡಿಲ ಬಿಡಬೇಕು. ತಂದೆಗೆ ತಪ್ಪದೆ ಬಿಡುತ್ತಿದ್ದೆ. ಅವತ್ತು ಬಿಡಲಿಲ್ಲ.

ಫೇಟಾ ಹೊಸ ಹೆಡ್‌ಮಾಸ್ತರರ ನೆತ್ತಿಯ ಮೇಲೆ ಕೂತಿತು, ತಲೆಗೆ ಇಳಿಯಲಿಲ್ಲ. ಅವರು ಕಾಲು ಅಗಲಿಸಿ ನಿಂತು ನಾಯಕತ್ವದ ಬಗ್ಗೆ ಮಾತಾಡಿದರು. ಕತ್ತು ಅಲ್ಲಾಡಿಸಿದರೆ ಬೀಳುತ್ತದೆಂದು ಭಾಷಣದುದ್ದಕ್ಕೂ ಒಂದೇ ಕಂಬವನ್ನು ನೋಡುತ್ತ ನಿಂತಿದ್ದರು. ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ನಗಲಿಲ್ಲ. ಅಷ್ಟು ಸಿಟ್ಟಿತ್ತು.

ಮರುದಿನದಿಂದ ವೇಳಾಪಟ್ಟಿ, ಪರೀಕ್ಷೆ, ಪಾಲಕರ ಜಗಳ ಮತ್ತೆ ನನ್ನ ಮೇಜಿಗೇ ಬಂದವು. ಹೆಡ್‌ಮಾಸ್ತರು ಅಂಗಳದಲ್ಲಿ ಅಡ್ಡಾಡುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ನಾನು ಸಹ ಶಿಕ್ಷಕಿಯಾಗಿಯೇ ನಿವೃತ್ತಳಾದೆ. ಬೀಳ್ಕೊಡುಗೆಯ ವಾರ ಮಂಡಳಿ ಮತ್ತೆ ಸೇರಿತು. ಹಳೆಯ ಪೇಚೇ ಮತ್ತೆ ಎದುರಾಯಿತು, ಈ ಸಲ ಅವರಿಗೆ ಹಾದಿ ಕಂಡಿತು. ಗೋಡೆ ಗಡಿಯಾರ ಕೊಟ್ಟರು. ಅದಕ್ಕೆ ತಲೆಯೂ ಬೇಡ, ಉಡಿಯೂ ಬೇಡ.

ಎರಡು ಮಾತಾಡಿ ಎಂದು ಮೈಕು ಕೊಟ್ಟರು. ನಾನು ಅಧ್ಯಕ್ಷರ ಮುಖವನ್ನೇ ನೋಡುತ್ತ ಸುಮ್ಮನೆ ನಿಂತೆ. ಮುದುಕರಾಗಿದ್ದ ಅಧ್ಯಕ್ಷರು ಕುರ್ಚಿಯಲ್ಲಿ ಮಿಸುಕಿದರು, ಶಾಲು ಸರಿಮಾಡಿಕೊಂಡರು. ಕೊನೆಗೆ ಅವರೇ ಬಾಯಿ ಬಿಟ್ಟರು.

“ಖರೇ ಅಂದ್ರ ಬಾಯಾರ, ನೀವ ಆಗಬೇಕಿತ್ರಿ ಹೆಡ್‌ಮಾಸ್ತರ.”

ಜನ ಚಪ್ಪಾಳೆ ಹೊಡೆದರು, ಅದನ್ನೂ ಒಂದು ಸತ್ಕಾರ ಎಂದು ತಿಳಿದು. ನಾನು “ಹೌದ್ರಿ” ಎಂದೆ, ಗಡಿಯಾರವನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಮನೆಗೆ ಬಂದೆ.