ಹಸಿರು ಚಹಾ ಮತ್ತು ಒಂದು ಚಿಟಿಕೆ ಉಪ್ಪು

ಮೊಮ್ಮಗಳು ಬೆಳಿಗ್ಗೆ ಒಂದು ಪುಟ್ಟ ಡಬ್ಬಿ ತೆಗೆದಳು. ಒಳಗೆ ಹಸಿರು ಪುಡಿ. ಮಾಚಾ ಅಂತೆ, ಜಪಾನಿನ ಚಹಾ. ಕೀಳುವ ಮೊದಲು ಕೆಲವು ವಾರ ಗಿಡಕ್ಕೆ ಚಪ್ಪರ ಹಾಕಿ ಬಿಸಿಲು ತಪ್ಪಿಸುತ್ತಾರಂತೆ. ಆಮೇಲೆ ಎಲೆ ಒಣಗಿಸಿ ಕಲ್ಲಲ್ಲಿ ಬೀಸುವುದು. ನಮ್ಮ ಚಹಾದ ಹಾಗೆ ಸೋಸಿ ಚೆಲ್ಲುವಂತಿಲ್ಲ, ಎಲೆಯನ್ನೇ ಕುಡಿಯಬೇಕು. ಡಬ್ಬಿಯ ಮೇಲೆ ಏನೇನೋ ಬರೆದಿತ್ತು. ನಾನು ಓದಿದ್ದು ಮೂರನೇ ಕ್ಲಾಸು, ಅದನ್ನೂ ಎರಡು ಸಲ.

ಮಾಡುವ ಬಗೆ ಮಾತ್ರ ನೋಡಿಕೊಂಡೆ, ನೀವೂ ಕೇಳಿ. ಅರ್ಧ ಚಮಚ ಪುಡಿಯನ್ನು ಗಂಟಿಲ್ಲದಂತೆ ಜರಡಿ ಹಿಡಿದು ಬಟ್ಟಲಿಗೆ ಹಾಕಿದಳು. ನೀರು ಕುದಿಸಿ, ಆರಾಕೆ ಬಿಟ್ಟು ಕೂತಳು.

"ಕುದಿಯೋ ನೀರೇ ಹಾಕೆ. ಏನು ಮುಹೂರ್ತ ಐತಾ?"

"ಕಹಿ ಆಗತೈತೆ ಅಜ್ಜಿ. ನಿಂಗೆ ಎಲ್ಲದಕ್ಕೂ ಅವಸರ."

ನೀರು ಸ್ವಲ್ಪ ಆರಿದ ಮೇಲೆ ಹುಯ್ದು, ಬಿದಿರಿನ ಪುಟ್ಟ ಕಡೆಗೋಲಿನಂಥದ್ದರಿಂದ ಹಿಂದೆ ಮುಂದೆ ಜೋರಾಗಿ ಕಡೆದಳು. ನೊರೆ ಬಂತು. ಮೂಗಿನ ಹತ್ತಿರ ತಂದೆ. ಅರೆದ ಹಸಿ ಸೊಪ್ಪಿನ ವಾಸನೆ. ಬಾಯಿಗಿಡದೆ ಕೆಳಗಿಟ್ಟೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಬಿಳಿಚೋಡಿನಲ್ಲಿ ನನ್ನ ತಂಗಿ ರತ್ನಳಿಗೆ ಕಾಮಾಲೆಯಾಯಿತು. ಹದಿನಾರು ವರ್ಷದವಳು. ತ್ಯಾವಣಿಗೆಗೆ ಮದುವೆಯಾಗಿ ಹೋಗಿದ್ದ ನಾನು ಆರೈಕೆಗೆ ತವರಿಗೆ ಬಂದೆ. ಔಷಧಿ ಕೊಡುವ ಮುದುಕನೊಬ್ಬ ಸೊಪ್ಪು ತಂದುಕೊಟ್ಟ. ಅದನ್ನು ಅರೆದು ಆಡಿನ ಹಾಲಲ್ಲಿ ಖಾಲಿ ಹೊಟ್ಟೆಗೆ ಕೊಡಬೇಕು. ಒಂಬತ್ತು ದಿನ ಉಪ್ಪು ಮುಟ್ಟಬಾರದು. ಸೂಜಿ ಚುಚ್ಚಿಸಿದರೆ ಔಷಧಿ ಮುರಿಯುತ್ತದೆ, ಹಾಗಾಗಿ ಆಸ್ಪತ್ರೆಯ ಮಾತೇ ಬೇಡ ಅಂದಳು ಅವ್ವ. ದಾವಣಗೆರೆಯ ಬಸ್ಸು ದಿನಾ ನಮ್ಮ ಮನೆ ಮುಂದೆಯೇ ನಿಂತು ಹೋಗುತ್ತಿತ್ತು.

ಆರನೇ ದಿನ ರತ್ನ ಗಂಜಿ ನೂಕಿದಳು. "ಅಕ್ಕಾ, ಮಣ್ಣು ತಿಂದಂಗಾಗತೈತೆ. ಒಂದು ಹರಳು ಉಪ್ಪು ಹಾಕೆ, ಅವ್ವಗೆ ಹೇಳಬ್ಯಾಡ."

ಒಂದು ಚಿಟಿಕೆ ಹಾಕಿದೆ. ಬಟ್ಟಲು ಬಳಿದು ತಿಂದಳು. ಎಂಟನೇ ದಿನ ಎಚ್ಚರ ತಪ್ಪಿತು, ಮಾರನೇ ದಿನ ಹೋದಳು.

ಉಪ್ಪಿನ ಸಂಗತಿ ನಾನೇ ಅವ್ವನ ಮುಂದೆ ಒಪ್ಪಿಕೊಂಡೆ. ಅವತ್ತಿನಿಂದ ಅವ್ವ ನನ್ನ ಕೈ ಅಡುಗೆ ಉಣ್ಣಲಿಲ್ಲ. ನಮ್ಮ ಮನೆಗೆ ಬಂದರೆ ಸೆರಗಿನ ಗಂಟಲ್ಲಿ ತನ್ನ ರೊಟ್ಟಿ ತರುತ್ತಿದ್ದಳು. ಬಂದ ನೆಂಟರ ಮುಂದೆಯೇ ಬಿಚ್ಚಿ ತಿನ್ನುತ್ತಿದ್ದಳು. ಕೊಂದವಳು ನಾನೇ ಅಂತ ನನಗೂ ನಂಬಿಕೆ.

ಏಳೆಂಟು ವರ್ಷದ ಮೇಲೆ ನನ್ನ ಮಗನಿಗೂ ಕಾಮಾಲೆ. ಚನ್ನಗಿರಿಯ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆ, ಉಳಿದ. ಅಲ್ಲಿನ ನರ್ಸಮ್ಮನಿಗೆ ತಂಗಿಯ ಕಥೆ ಹೇಳಿದರೆ, "ಒಂದು ಚಿಟಿಕೆ ಉಪ್ಪಿಗೆ ಯಾರೂ ಸಾಯಲ್ಲ ಕಣಮ್ಮ. ಬೇಗ ಕರ್ಕಂಡು ಬರಬೇಕಿತ್ತು" ಅಂದಳು.

ಆ ಮಾತನ್ನೇ ಹೊತ್ತುಕೊಂಡು ಅವ್ವನ ಹತ್ತಿರ ಹೋದೆ. ಅವ್ವ ಪೂರಾ ಕೇಳಿದಳು. "ಹಂಗಾದ್ರೆ ಬಸ್ಸಿಗೆ ಹತ್ತಿಸದೆ ನಾನೇ ಕೊಂದೆ ಅಂತೀಯೇನೇ?" ಅಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಲ್ಲವ್ವ, ನರ್ಸಿಗೇನು ಗೊತ್ತು. ಉಪ್ಪಿನಿಂದಲೇ" ಅಂದೆ.

ಅವ್ವ ಸಾಯುವ ತನಕ ನನ್ನ ಮನೆಗೆ ರೊಟ್ಟಿ ಕಟ್ಟಿಕೊಂಡೇ ಬಂದಳು.

ಇದನ್ನು ಪೂರಾ ಯಾರಿಗೂ ಹೇಳಿರಲಿಲ್ಲ. ಇವತ್ತು ಮೊಮ್ಮಗಳಿಗೆ ಹೇಳಿದೆ.

"ಪಾಪ ಅಜ್ಜಿ, ನಿಂದೇನೂ ತಪ್ಪಿಲ್ಲ" ಅಂದಳು.

"ಉಪ್ಪು ತಪ್ಪಲ್ಲ, ಗೊತ್ತು," ಅಂದೆ. "ಆಸ್ಪತ್ರೆ ಬ್ಯಾಡ ಅಂದ್ಲು ಅವ್ವ, ನಿಜ. ಆದ್ರೆ ಒಂಬತ್ತು ದಿನ ಬಸ್ಸು ಮನೆ ಮುಂದೆ ನಿಂತಿತ್ತಲ್ಲೇ. ನಂಗೂ ಕೈಕಾಲಿದ್ವು."