ಪೆನ್ಸಿಲ್ಲಿನಲ್ಲಿ ಬರೆದ ಗೆರೆ

ಮೊನ್ನೆ ಹಳೆಯ ಟ್ರಂಕಿನ ತಳದಲ್ಲಿ ಒಂದು ಅರ್ಜಿಯ ಕಾರ್ಬನ್ ಪ್ರತಿ ಸಿಕ್ಕಿತು. ಮೂಗಿಗೆ ಹಿಡಿದೆ. ಇಷ್ಟು ವರ್ಷವಾದರೂ ಆ ಮೇಣದಂಥ, ಎಣ್ಣೆಯಂಥ ವಾಸನೆ ಪೂರ್ತಿ ಹೋಗಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳು "ಏನಜ್ಜಿ ಅದು?" ಎಂದಳು. ಕಾಗದವನ್ನು ಥಟ್ಟನೆ ಮಡಚಿ ಹಿಡಿದೆ. ರಿಟೈರಾಗಿ, ತಲೆ ಬೆಳ್ಳಗಾಗಿ, ಇನ್ನು ಯಾರಿಗೆ ಹೆದರಬೇಕು ನಾನು? ಆದರೂ ಹೆದರಿದೆ.

ಅದು ನಮ್ಮ ಟೈಪಿಂಗ್ ಮೇಷ್ಟ್ರ ಕೋಣೆಯ ವಾಸನೆ. ಎಪ್ಪತ್ತರ ದಶಕದ ಕೊನೆಯ ಮಾತು. ಚನ್ನಗಿರಿಯ ಬಸ್ ಸ್ಟ್ಯಾಂಡ್ ಹತ್ತಿರ, ಮಹಡಿಯ ಮೇಲೆ ಅವರ ಇನ್‌ಸ್ಟಿಟ್ಯೂಟ್. ಆರು ಮಷೀನು, ಅದರಲ್ಲಿ ಎರಡು ಯಾವಾಗಲೂ ರಿಪೇರಿ. ಬೆಳಗ್ಗೆ ಹುಡುಗಿಯರ ಬ್ಯಾಚು, ಸಂಜೆ ಹುಡುಗರದು. ಪಿಯುಸಿ ರಿಸಲ್ಟ್ ಬಂತೆಂದರೆ ಹೊನ್ನಾಳಿ, ನ್ಯಾಮತಿ ಕಡೆಯವರೂ ಬಸ್ಸಿಳಿದು ಆ ಮೆಟ್ಟಿಲು ಹತ್ತುತ್ತಿದ್ದರು, ಮುಂದಿನ ಓದಿಗೆ ಅರ್ಜಿ ತುಂಬಿಸಲು. ಅರ್ಜಿಯೆಲ್ಲ ಇಂಗ್ಲಿಷು. ನಮಗೆ ಇಂಗ್ಲಿಷೆಂದರೆ ಚಳಿಜ್ವರ.

ಮೇಷ್ಟ್ರದೊಂದು ಕಟ್ಟಳೆ ಇತ್ತು. ಹೆಸರು, ವಿಳಾಸ, ಅಂಕ ಎಲ್ಲ ಅಡಿಯಲ್ಲಿ ಕಾರ್ಬನ್ ಇಟ್ಟು ಇಂಕಿನಲ್ಲಿ ಬರೆಯುವರು. 'ಬೇಕಾದ ಕೋರ್ಸು' ಎಂಬ ಗೆರೆಯಲ್ಲಿ ಮಾತ್ರ ಕಾರ್ಬನ್ ತೆಗೆದು ಪೆನ್ಸಿಲ್. "ಒಂದಿನ ಪೂರ್ತಿ ಆ ಕೆಲ್ಸ ಮಾಡೋರ ಹತ್ರ ಕುಂತ್ಕಂಡು ಬಾ. ಆಮ್ಯಾಲೆ ಇಂಕು." ವಕೀಲನಾಗುತ್ತೇನೆ ಅಂದವನನ್ನು ಕೋರ್ಟಿಗೆ, ಇಂಜಿನಿಯರ್ ಅಂದವನನ್ನು ಭದ್ರಾ ನಾಲೆಯ ಮೇಲೆ ಓವರ್‌ಸಿಯರ್ ಹಿಂದೆ ಅಟ್ಟುವರು. ಜಗಳೂರಿನವನೊಬ್ಬ ನಾಲೆಯ ಬಿಸಿಲಲ್ಲಿ ಅರ್ಧ ದಿನ ನಿಂತು, ತೆಪ್ಪಗೆ ಬಂದು ಬಿ.ಕಾಂ. ಬರೆಸಿದ. ಊರವರಿಗೆ ಇದೆಲ್ಲ ತಮಾಷೆ. ಮೇಷ್ಟ್ರಿಗೆ ಸ್ಕ್ರೂ ಸಡಿಲ ಎನ್ನುತ್ತಿದ್ದರು.

ನಮ್ಮ ಅಪ್ಪಾಜಿಯದು ಬಟ್ಟೆ ಅಂಗಡಿ. ಬಂದ ಗಿರಾಕಿಗಳಿಗೆಲ್ಲ ಸೀರೆಯ ಜೊತೆ ಈ ಸುದ್ದಿಯನ್ನೂ ಬಿಚ್ಚುತ್ತಿದ್ದರು: "ನಮ್ ಹುಡುಗಿ ಡಾಕ್ಟ್ರಾಗ್ತಾಳೆ." ನನ್ನನ್ನು ಕೇಳಿದವರು ಯಾರು? ಕೇಳಿದ್ದರೂ ಹೇಳಲು ನನಗೇನೂ ಗೊತ್ತಿರಲಿಲ್ಲ, ಅದು ಬೇರೆ ಮಾತು. ಅಪ್ಪಾಜಿ ಹುಬ್ಬು ಗಂಟಿಕ್ಕಿದರೆ ಅಮ್ಮ ಲೋಟ ಅಲ್ಲೇ ಇಟ್ಟು ಅಡಿಗೆಮನೆ ಸೇರುತ್ತಿದ್ದಳು. ಖಾಲಿ ಅರ್ಜಿಯ ಕೊನೆಗೆ ಸಹಿ ಹಾಕಿ, "ಉಳಿದದ್ದು ಮೇಷ್ಟ್ರು ತುಂಬ್ತಾರೆ, ಕೊಟ್ಟು ಬಾ" ಎಂದರು. ಮೇಷ್ಟ್ರು ಪೆನ್ಸಿಲ್ಲಿನಲ್ಲಿ 'ಮೆಡಿಕಲ್' ಎಂದು ಬರೆದು ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿದರು.

ಗೇಟಿನ ತನಕ ಹೋದೆ. ಒಳಗೆ ಯಾರೋ ಹೆಂಗಸು "ಯವ್ವಾ..." ಎಂದು ಕೂಗಿದಳು. ಅಷ್ಟೇ, ತಿರುಗಿ ಓಡಿದೆ. ಸಂಜೆಯ ತನಕ ಮನೆಗೆ ಹೋಗುವಂತಿಲ್ಲ, ಅಮ್ಮ ನಾನು ಆಸ್ಪತ್ರೆಯಲ್ಲಿದ್ದೇನೆ ಎಂದುಕೊಂಡಿದ್ದಾಳೆ. ಎರಡು ಬೀದಿ ಆಚೆ ದನದ ಆಸ್ಪತ್ರೆಯ ಮುಂದೆ ಒಂದು ಹೊಂಗೆ ಮರ. ಅದರ ನೆರಳಲ್ಲಿ ಮುದುರಿ ಕೂತೆ. ಅಂಗಳದಲ್ಲಿ ಒಂದು ಎಮ್ಮೆ ಕರು ಹಾಕಲಾಗದೆ ಒದ್ದಾಡುತ್ತಿತ್ತು. ಬರೀ ಬನಿಯನ್ನಿನಲ್ಲಿದ್ದ ದನದ ಡಾಕ್ಟರು ನನ್ನ ಕಡೆ ತಿರುಗಿ, "ಏಯ್ ಹುಡುಗಿ, ಏನ್ ನೋಡ್ತಾ ಕುಂತೀಯ, ಬಂದು ಹಗ್ಗ ಹಿಡಿ!" ಎಂದು ಗದರಿದರು. ಹಿಡಿದೆ. ಎಳೆ ಅಂದಾಗ ಎಳೆದೆ. ರಕ್ತ ಅಲ್ಲೂ ಇತ್ತು, ನರಳಾಟ ಅಲ್ಲೂ ಇತ್ತು. ಕರು ಬಂದು ನೆಲದ ಮೇಲೆ ಕಿವಿ ಒದರಿತು. ನನಗೆ ಹೆದರಿಕೆ ಆಗಲಿಲ್ಲ ಎಂಬುದು ಹೊಳೆದದ್ದೇ ವಾಪಸ್ ಬರುವ ದಾರಿಯಲ್ಲಿ.

ನೆಟ್ಟಗೆ ಮೇಷ್ಟ್ರ ಹತ್ತಿರ ಹೋಗಿ, ಆಸ್ಪತ್ರೆಯಲ್ಲಿ ದಿನವೆಲ್ಲ ಕೂತಿದ್ದೆ ಎಂದೆ. ಅವರು ಕನ್ನಡಕದ ಮೇಲಿಂದ ನನ್ನ ಲಂಗದ ಅಂಚು ನೋಡಿದರು.

"ಜನರ ಆಸ್ಪತ್ರೆಲಿ ಇಷ್ಟು ಸಗಣಿ ಎಲ್ಲಿಂದ ಬಂತವ್ವಾ?"

ಅತ್ತುಬಿಟ್ಟೆ. ಎಲ್ಲ ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ರಬ್ಬರ್ ತೆಗೆದು ಪೆನ್ಸಿಲ್ ಗೆರೆ ಅಳಿಸಿದರು. "ಇದನ್ನ ನೀನೇ ಬರಿಬೇಕು. ಅದಕ್ಕೂ ಮುಂಚೆ ಅಪ್ಪಾಜಿಗೆ ಹೇಳು. ಅವರ ಸಹಿ ಐತೆ ಇದರಾಗೆ."

ಕೊನೆಯ ತಾರೀಖಿಗೆ ಮೂರು ದಿನ ಇತ್ತು. ಮೂರು ದಿನವೂ ಅಪ್ಪಾಜಿಗೆ ಊಟ ಬಡಿಸಿದೆ. ಹೇಳಬೇಕೆಂದು ಹತ್ತಿರ ನಿಲ್ಲುವೆ, ಅವರು ತಲೆ ಎತ್ತಿದರೆ ಇನ್ನೊಂದು ಸೌಟು ಸಾರು ಹಾಕುವೆ. ಹೆಣ್ಣುಹುಡುಗಿ ದನದ ಡಾಕ್ಟರಾಗುತ್ತೇನೆ ಅಂದರೆ ಮನೆಯಲ್ಲಿ ಉಳಿಸುತ್ತಾರೋ, ಕೈಗೆ ಸಿಕ್ಕ ಗಂಡಿಗೆ ಕಟ್ಟುತ್ತಾರೋ... ಕೊನೆಗೂ ಆಗಲಿಲ್ಲ. ಕೊನೆಯ ದಿನ ಮೆಟ್ಟಿಲು ಹತ್ತಿ, "ಹೇಳ್ದೆ ಸಾರ್. ಒಪ್ಕಂಡ್ರು" ಎಂದೆ.

ಅವರು ಅಡಿಯಲ್ಲಿ ಮತ್ತೆ ಕಾರ್ಬನ್ ಇಟ್ಟು ಪೆನ್ನು ಕೊಟ್ಟರು. 'ವೆಟರ್ನರಿ' ಎಂದು ಬರೆದೆ. ಕಾರ್ಬನ್ ಪ್ರತಿಯನ್ನು ನನ್ನ ಕೈಗಿಟ್ಟು, ಅರ್ಜಿಯನ್ನು ಅವರೇ ರಿಜಿಸ್ಟರ್ಡ್ ಪೋಸ್ಟ್ ಮಾಡಿದರು.

ಆಮೇಲಿನ ದಿನಗಳಲ್ಲಿ ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಎಲ್ಲರಿಗಿಂತ ಮೊದಲು ಬಾಗಿಲಿಗೆ ಓಡುತ್ತಿದ್ದೆ. ಇಂಟರ್‌ವ್ಯೂ ಕಾರ್ಡು ಮನೆಗೆ ಬರಲಿಲ್ಲ, ಸೀದಾ ಅಂಗಡಿಗೆ ಹೋಯಿತು. ಅಪ್ಪಾಜಿ ಮಧ್ಯಾಹ್ನವೇ ಬಾಗಿಲು ಹಾಕಿ, ಮೇಷ್ಟ್ರನ್ನು ಕರೆದುಕೊಂಡೇ ಮನೆಗೆ ಬಂದರು. ನಾನು ನಡುಮನೆಯ ಪರದೆಯ ಹಿಂದೆ ನಿಂತೆ.

"ಏನ್ರೀ ಮೇಷ್ಟ್ರೇ, ನನ್ ಸಹಿ ಮ್ಯಾಲೆ ದನದ ಡಾಕ್ಟ್ರು ಅಂತ ಬರ್ದೋರು ಯಾರ್ರೀ?"

ಮೇಷ್ಟ್ರು ಪರದೆಯ ಕಡೆ ನೋಡಿದರು. ಕೆಳಗೆ ನನ್ನ ಪಾದಗಳು ಕಾಣುತ್ತಿದ್ದವು. ನಾನು ಸುಳ್ಳು ಹೇಳಿದ್ದೆ ಎಂದು ಅವರಿಗೆ ಗೊತ್ತಾದದ್ದು ಆಗಲೇ ಇರಬೇಕು. ಈಗ ಹೇಳುತ್ತಾರೆ, ಮುಗಿಯಿತು ನನ್ನ ಕಥೆ ಎಂದು ಕಣ್ಣು ಮುಚ್ಚಿದೆ.

"ನಾನೇ ರೀ. ಹುಡುಗಿಗೆ ಏನೂ ಗೊತ್ತಿಲ್ಲ."

ಅಪ್ಪಾಜಿ ಅಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಮೋಸಗಾರ ಎಂಬುದು ಅದರಲ್ಲಿ ಮೆತ್ತಗಿನ ಮಾತು. ಪರದೆ ಸರಿಸಿ ನಾನು ಎರಡು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಥೂ, ಎರಡೇ ಹೆಜ್ಜೆ. ನಾನು ನಿಂತೇ ಇದ್ದೆ. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೋದ ಸದ್ದು ಕೇಳಿತು.

ಮೆಡಿಕಲ್‌ಗೆ ಹಾಕುವ ತಾರೀಖು ದಾಟಿತ್ತು. ಅಮ್ಮ, ಯಾವತ್ತೂ ಎದುರಾಡದವಳು, "ಬಂದಿದ್ದನ್ನ ಬಿಡೋದು ಬ್ಯಾಡ್ರಿ" ಎಂದಳು. ಅಪ್ಪಾಜಿಯ ಸಿಟ್ಟೆಲ್ಲ ಮೇಷ್ಟ್ರ ಮೇಲೆ ಖರ್ಚಾಗಿತ್ತು, ನನಗೆ ಉಳಿದಿರಲಿಲ್ಲ. ಇಂಟರ್‌ವ್ಯೂ ಆಯಿತು, ಸೀಟು ಸಿಕ್ಕಿತು, ಹೋದೆ. ಆದರೆ ಅಂಗಡಿಯಲ್ಲಿ ಸುದ್ದಿ ಸೀರೆಯ ಜೊತೆ ಬಿಚ್ಚಿಕೊಳ್ಳುತ್ತಲೇ ಇತ್ತು: ಆ ಮೇಷ್ಟ್ರು ಕೇಳದೆ ಬರೆಯುತ್ತಾರೆ, ಹುಡುಗಿಯರ ತಲೆ ಕೆಡಿಸುತ್ತಾರೆ. ಮೊದಲು ಬೆಳಗಿನ ಬ್ಯಾಚು ಖಾಲಿಯಾಯಿತಂತೆ, ಆಮೇಲೆ ಸಂಜೆಯದು. ನಾನು ಎರಡನೇ ರಜೆಗೆ ಬಂದಾಗ ಮಹಡಿಯ ಮೇಲೆ ಬೋರ್ಡು ಇರಲಿಲ್ಲ. ಮೇಷ್ಟ್ರು ಜಗಳೂರು ಕಡೆ ತಮ್ಮ ಅಕ್ಕನ ಮನೆ ಸೇರಿದರು ಎಂದರು.

ಹೋಗಬಹುದಿತ್ತು. ಬಸ್ಸಿತ್ತು, ಕೈಯಲ್ಲಿ ಕಾಲೇಜಿನ ಸ್ಟೈಪೆಂಡ್ ಹಣವಿತ್ತು. ಏನು ಮುಖ ಹೊತ್ತು ಹೋಗಲಿ ಎಂಬ ಹೆದರಿಕೆಯಲ್ಲಿ ಮುಂದಿನ ರಜೆ, ಮುಂದಿನ ವರ್ಷ ಎನ್ನುತ್ತಾ ಹೋದೆ. ಎಂಬತ್ತರ ದಶಕದಲ್ಲಿ ನ್ಯಾಮತಿಗೆ ಪೋಸ್ಟಿಂಗ್ ಆದಾಗ, ಜಗಳೂರಿನಿಂದ ವರ್ಗವಾಗಿ ಬಂದ ಕಾಂಪೌಂಡರ್ ಒಬ್ಬರನ್ನು ವಿಚಾರಿಸಿದೆ. "ಆ ಟೈಪಿಂಗ್ ಮೇಷ್ಟ್ರಾ? ಅವರು ತೀರ್ಕಂಡು ಎರಡು ವರ್ಷಾತು ಮೇಡಂ" ಎಂದರು.

ಅಪ್ಪಾಜಿ ಕೊನೆಕೊನೆಗೆ ನಮ್ಮ ಹುಡುಗಿ ಮುಟ್ಟಿದರೆ ಎಮ್ಮೆ ಎದ್ದು ನಿಲ್ಲುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಆದರೆ ಮೇಷ್ಟ್ರು ಮೋಸಗಾರ ಎಂಬ ಮಾತನ್ನು ಸಾಯುವ ತನಕ ಬಿಡಲಿಲ್ಲ. ನಾನೂ ತಿದ್ದಲಿಲ್ಲ.

ಮೊಮ್ಮಗಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಎಲ್ಲ ಸಾಲುಗಳೂ ಮೇಷ್ಟ್ರ ದುಂಡು ಅಕ್ಷರ, ಒಂದೇ ಒಂದು ಸಾಲು ಕೋಳಿಕಾಲು.

"ಅಜ್ಜಿ, ಇದೊಂದು ಯಾರು ಬರ್ದಿದ್ದು?"

"ನಾನೇ ಕಣೇ. ನಾನೇ ಬರ್ದಿದ್ದು."

ಅವಳು "ಹೌದಾ" ಎಂದು ಕಾಗದ ವಾಪಸ್ ಕೊಟ್ಟು ಹೊರಗೆ ಹೋದಳು. ಈ ಮಾತು ಕೇಳಬೇಕಾಗಿದ್ದ ಇಬ್ಬರೂ ಈಗ ಇಲ್ಲ.